ಯುನಿಕ್ಸ್ ಯಂತ್ರದಲ್ಲಿ ಯಾವ ಕಂಪೈಲರ್, ಯಾವ ಆವೃತ್ತಿ: ತಿಳಿದುಕೊಳ್ಳುವ ಕ್ರಮ

ಕೆಲವು ವರ್ಷಗಳ ಹಿಂದೆ ಎಂಜಿನಿಯರಿಂಗ್ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನ ಉಸ್ತುವಾರಿ ನನ್ನ ಪಾಲಿಗಿತ್ತು. ಒಂದು ಮಧ್ಯಾಹ್ನ ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಬಂದು, "ಸರ್, ಈ ಪ್ರೋಗ್ರಾಮ್ ಮನೇಲಿ ಸರಿಯಾಗಿ ಓಡುತ್ತೆ, ಇಲ್ಲಿ ಕಂಪೈಲೇ ಆಗ್ತಿಲ್ಲ" ಎಂದಳು. ಇಪ್ಪತ್ತು ಸಾಲಿನ ಸಣ್ಣ ಸಿ ಪ್ರೋಗ್ರಾಮ್ ಅದು. ಫಾರ್ ಲೂಪಿನ ಆವರಣದೊಳಗೇ ಅವಳು ಐ ಎಂಬ ವೇರಿಯಬಲ್ಲನ್ನು ಘೋಷಿಸಿದ್ದಳು. ಲ್ಯಾಬಿನ ಕಂಪೈಲರ್ (ಬರೆದ ಕೋಡನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರುವ ಪ್ರೋಗ್ರಾಮ್) ಅದನ್ನು ಒಪ್ಪದೆ, ಇಂತಹ ಘೋಷಣೆಗೆ ಸಿ99, ಅಂದರೆ 1999ರ ಸಿ ಭಾಷೆಯ ವಿಧಾನದಲ್ಲಿ ಮಾತ್ರ ಅವಕಾಶ ಎಂದು ಎರರ್ ಕೊಡುತ್ತಿತ್ತು. ತಪ್ಪೇ ಇಲ್ಲದ ಆ ಕೋಡನ್ನು ಅವಳು ಒಂದು ಗಂಟೆಯಿಂದ ತಿದ್ದುತ್ತ ಕುಳಿತಿದ್ದಳು.

ಅವಳ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಉಬುಂಟು 22.04 (ಯುನಿಕ್ಸ್ ಕುಟುಂಬದ ಲಿನಕ್ಸಿನ ಒಂದು ವಿತರಣೆ), ಅದರೊಂದಿಗೆ ಜಿಸಿಸಿ ಎಂಬ ಕಂಪೈಲರಿನ 11ನೆಯ ಆವೃತ್ತಿ. ಲ್ಯಾಬಿನಲ್ಲಿ ಇದ್ದದ್ದು ಇನ್ನೊಂದು ವಿತರಣೆಯಾದ ಸೆಂಟ್‌ಓಎಸ್ 7, ಅದರೊಂದಿಗೆ ಜಿಸಿಸಿ 4.8.5. ಏನನ್ನೂ ಸೂಚಿಸದೆ ಕಂಪೈಲ್ ಮಾಡಿದರೆ ಜಿಸಿಸಿಯ ಹಳೆಯ ಆವೃತ್ತಿಗಳು 1990ರ ಸಿ ಭಾಷೆಯನ್ನು ಹಿಡಿದು ನಡೆಯುತ್ತಿದ್ದವು; 2015ರಲ್ಲಿ 5ನೆಯ ಆವೃತ್ತಿ ಬಂದಾಗ ಆ ಡೀಫಾಲ್ಟ್ 2011ರ ಸಿ ಭಾಷೆಗೆ ಬದಲಾಯಿತು. ಒಂದೇ ಫೈಲು ಎರಡು ಕಡೆ ಎರಡು ರೀತಿ ವರ್ತಿಸಲು ಇದೊಂದೇ ಕಾರಣ. ಕಂಪೈಲ್ ಮಾಡುವ ಸಾಲಿಗೆ ಸಿ99 ಬೇಕೆಂಬ ಒಂದು ಸೂಚನೆಯನ್ನು ಸೇರಿಸಿದೊಡನೆ ಕೆಲಸ ಮುಗಿಯಿತು. ಆವೃತ್ತಿಯನ್ನು ಮೊದಲೇ ನೋಡಿದ್ದರೆ ಅವಳ ಒಂದು ಗಂಟೆ ಉಳಿಯುತ್ತಿತ್ತು ಎಂಬುದು ಇಂದಿಗೂ ನನ್ನ ಮನಸ್ಸಿನಲ್ಲಿದೆ, ಮತ್ತು ಈ ಲೇಖನ ಅದೇ ಕಾರಣಕ್ಕೆ ಹುಟ್ಟಿದ್ದು.

ಮುಂದುವರಿಯುವ ಮೊದಲು ಬರವಣಿಗೆಯ ಬಗ್ಗೆ ಒಂದು ಸೂಚನೆ. ಇಲ್ಲಿ ಕಮಾಂಡ್‌ಗಳನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್ಲಿನಲ್ಲಿ ಅವುಗಳನ್ನು ರೋಮನ್ ಲಿಪಿಯ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು. ದೊಡ್ಡಕ್ಷರ ಬೇಕಾದ ಕಡೆ ಹಾಗೆಂದು ಹೇಳಿದ್ದೇನೆ. ಯುನಿಕ್ಸ್ ಸಣ್ಣಕ್ಷರವನ್ನೂ ದೊಡ್ಡಕ್ಷರವನ್ನೂ ಬೇರೆ ಬೇರೆಯಾಗಿಯೇ ನೋಡುತ್ತದೆ, ಆದ್ದರಿಂದ ಈ ವಿಷಯದಲ್ಲಿ ಎಚ್ಚರ ಬೇಕು. ಜಿಸಿಸಿ ಎಂಬುದು ಮೂರು ಅಕ್ಷರ, ಸಿಸಿ ಎಂಬುದು ಎರಡು ಅಕ್ಷರ. ಅಡ್ಡಗೆರೆಗಳು ಎಷ್ಟಿವೆಯೋ ಅಷ್ಟೇ ಇರಬೇಕು, ಜಾಗ ಬಿಟ್ಟಲ್ಲಿ ಮಾತ್ರ ಜಾಗ ಬಿಡಬೇಕು.

ಮೊದಲ ಹೆಜ್ಜೆ: ಕಂಪೈಲರನ್ನೇ ಕೇಳುವುದು

ಟರ್ಮಿನಲ್ ತೆರೆದು ಹೀಗೆ ಟೈಪ್ ಮಾಡಿ ಎಂಟರ್ ಒತ್ತಿ:

ಜಿಸಿಸಿ --ವರ್ಷನ್

ಉಬುಂಟು 22.04ರಲ್ಲಿ ಬರುವ ಉತ್ತರದ ಮೊದಲ ಸಾಲಿನಲ್ಲಿ ಮೂರು ಭಾಗಗಳಿರುತ್ತವೆ. ಮೊದಲಿಗೆ ಜಿಸಿಸಿ ಎಂಬ ಹೆಸರು, ನಂತರ ಆವರಣದೊಳಗೆ ಉಬುಂಟುವಿನವರು ತಮ್ಮ ಪ್ಯಾಕೇಜಿಗೆ ಕೊಟ್ಟ ಉದ್ದನೆಯ ಗುರುತು, ಕೊನೆಯಲ್ಲಿ 11.4.0 ಎಂಬ ಸಂಖ್ಯೆ. ನಿಮಗೆ ಬೇಕಾದದ್ದು ಕೊನೆಯ ಸಂಖ್ಯೆ. ಆವರಣದೊಳಗಿನ ಗುರುತು ವಿತರಣೆಯವರು ಸೇರಿಸಿದ ತಿದ್ದುಪಡಿಗಳನ್ನು ಹೇಳುತ್ತದೆ. ಬಗ್ ವರದಿ ಕಳುಹಿಸುವಾಗ ಅದೂ ಬೇಕಾಗುವುದರಿಂದ ಸಾಲನ್ನು ಇಡಿಯಾಗಿ ನಕಲು ಮಾಡಿಕೊಳ್ಳುವುದು ಒಳ್ಳೆಯದು. ಸೆಂಟ್‌ಓಎಸ್ 7ರಲ್ಲಿ ಇದೇ ಪ್ರಶ್ನೆಗೆ 4.8.5ರ ಪಕ್ಕದಲ್ಲಿ 20150623 ಎಂಬ ಅಂಕಿಯೂ ಕಾಣುತ್ತದೆ. ಅದು ದಿನಾಂಕ, 2015ರ ಜೂನ್ 23 ಎಂದು ಓದಬೇಕು. ಅದನ್ನು ಆವೃತ್ತಿಯೆಂದು ತಿಳಿದು ಗೊಂದಲಕ್ಕೆ ಬಿದ್ದವರನ್ನು ನೋಡಿದ್ದೇನೆ.

ಸಂಖ್ಯೆಯನ್ನು ಓದುವ ರೀತಿಯೂ ತಿಳಿದಿರಬೇಕು. 2015ಕ್ಕೆ ಮೊದಲು ಜಿಸಿಸಿಯಲ್ಲಿ ದೊಡ್ಡ ಬದಲಾವಣೆ ಬಂದಾಗ ಎರಡನೆಯ ಅಂಕಿ ಏರುತ್ತಿತ್ತು: 4.7, 4.8, 4.9 ಹೀಗೆ. ಐದನೆಯ ಆವೃತ್ತಿಯಿಂದ ಮೊದಲ ಅಂಕಿಯೇ ಏರತೊಡಗಿತು, ವರ್ಷಕ್ಕೊಂದು ಆವೃತ್ತಿ ಹೊರಬರುತ್ತದೆ. 9.1 ಬಂದದ್ದು 2019ರಲ್ಲಿ, 10.1 ಬಂದದ್ದು 2020ರಲ್ಲಿ. ಹಾಗಾಗಿ 4.8 ಮತ್ತು 4.9ರ ನಡುವಿನ ಅಂತರ 8 ಮತ್ತು 9ರ ನಡುವಿನ ಅಂತರದಷ್ಟೇ ದೊಡ್ಡದು, 11.2 ಮತ್ತು 11.4ರ ನಡುವೆ ಇರುವುದು ದೋಷ ಪರಿಹಾರಗಳು ಮಾತ್ರ. ಹೊಸ ಕ್ರಮದಲ್ಲಿ ಜನರ ಕೈಗೆ ಬರುವ ಮೊದಲ ಬಿಡುಗಡೆಯ ಸಂಖ್ಯೆ .1ರಿಂದ ಶುರುವಾಗುತ್ತದೆ. ನಡುವಿನ ಅಂಕಿ ಸೊನ್ನೆಯಾಗಿದ್ದರೆ ಅದು ಇನ್ನೂ ಅಭಿವೃದ್ಧಿಯ ಹಂತದಲ್ಲಿರುವ ಕಂಪೈಲರ್ ಎಂದು ತಿಳಿಯಬೇಕು.

ಆವೃತ್ತಿಯ ಬದಲು "ಕಮಾಂಡ್ ಸಿಗಲಿಲ್ಲ" ಎಂಬ ಉತ್ತರ ಬಂದರೆ ಕಂಪೈಲರ್ ಇನ್‌ಸ್ಟಾಲ್ ಆಗಿಲ್ಲ ಎಂದು ಆ ಕ್ಷಣವೇ ತೀರ್ಮಾನಿಸಬಾರದು. ಶೆಲ್ (ಟೈಪ್ ಮಾಡಿದ ಕಮಾಂಡನ್ನು ಓಡಿಸುವ ಪ್ರೋಗ್ರಾಮ್) ಹುಡುಕುವ ಡೈರೆಕ್ಟರಿಗಳಲ್ಲಿ ಆ ಹೆಸರಿನ ಫೈಲ್ ಇಲ್ಲ ಎಂಬುದಷ್ಟೇ ಅದರ ಅರ್ಥ. ಕಂಪೈಲರ್ ಜಿಸಿಸಿ-12 ಎಂಬಂತೆ ಸಂಖ್ಯೆಯೊಡನೆ ಕೂಡಿದ ಹೆಸರಿನಲ್ಲಿರಬಹುದು, ಸಿಸಿ (ಸಿ ಕಂಪೈಲರಿಗೆ ಯುನಿಕ್ಸಿನಲ್ಲಿರುವ ಸಾಮಾನ್ಯ ಹೆಸರು) ಅಥವಾ ಕ್ಲ್ಯಾಂಗ್ (ಇನ್ನೊಂದು ಕಂಪೈಲರ್) ಎಂಬ ಹೆಸರಿನಲ್ಲಿರಬಹುದು, ಅಥವಾ /ಆಪ್ಟ್ ಡೈರೆಕ್ಟರಿಯೊಳಗೆ ಎಲ್ಲೋ ಇರಬಹುದು. ಆದ್ದರಿಂದ ಆ ಹೆಸರುಗಳನ್ನೂ ಒಮ್ಮೆ ಪ್ರಯತ್ನಿಸಿ, ಜೊತೆಗೆ ಈ ಕಮಾಂಡನ್ನೂ ಓಡಿಸಿ:

ಎಲ್‌ಎಸ್ /ಯುಎಸ್‌ಆರ್/ಬಿನ್/*ಜಿಸಿಸಿ*

ಹೆಸರಿನಲ್ಲಿ ಜಿಸಿಸಿ ಇರುವ ಎಲ್ಲ ಫೈಲುಗಳೂ ಪಟ್ಟಿಯಾಗುತ್ತವೆ. ಎಲ್ಲೂ ಏನೂ ಸಿಗದಿದ್ದರೆ ಡೆಬಿಯನ್ ಮತ್ತು ಉಬುಂಟುಗಳಲ್ಲಿ ಬಿಲ್ಡ್-ಎಸೆನ್ಷಿಯಲ್ ಎಂಬ ಪ್ಯಾಕೇಜನ್ನು, ಫೆಡೋರಾ ಮತ್ತು ರೆಡ್ ಹ್ಯಾಟ್ ಕುಟುಂಬದಲ್ಲಿ ಜಿಸಿಸಿ ಎಂಬ ಹೆಸರಿನ ಪ್ಯಾಕೇಜನ್ನು ಇನ್‌ಸ್ಟಾಲ್ ಮಾಡಿಕೊಳ್ಳಬೇಕು.

ಎರಡನೆಯ ಹೆಜ್ಜೆ: ಉತ್ತರ ಕೊಟ್ಟದ್ದು ಯಾವ ಫೈಲು?

ಬಹುತೇಕ ಮಾರ್ಗದರ್ಶಿಗಳು ಮೊದಲ ಹೆಜ್ಜೆಗೇ ನಿಂತುಬಿಡುತ್ತವೆ. ನನ್ನ ಅನುಭವದಲ್ಲಿ ನಿಜವಾದ ತೊಂದರೆಗಳೆಲ್ಲ ಶುರುವಾಗುವುದು ಅದರ ಮುಂದೆ. ಒಂದೇ ಯಂತ್ರದಲ್ಲಿ ಮೂರು ನಾಲ್ಕು ಕಂಪೈಲರ್‌ಗಳು ಇರುವುದು ಸಾಮಾನ್ಯ: ವ್ಯವಸ್ಥೆಯೊಂದಿಗೆ ಬಂದದ್ದು ಒಂದು, ಯಾರೋ ಸೋರ್ಸಿನಿಂದ ಕಟ್ಟಿ /ಯುಎಸ್‌ಆರ್/ಲೋಕಲ್ ಒಳಗೆ ಇಟ್ಟದ್ದು ಇನ್ನೊಂದು, ಪ್ಯಾಕೇಜುಗಳನ್ನು ನಿರ್ವಹಿಸುವ ಕೊಂಡಾದಂತಹ ಪರಿಸರ ತನ್ನೊಳಗೆ ತಂದುಕೊಂಡದ್ದು ಮತ್ತೊಂದು. ಇವುಗಳಲ್ಲಿ ಜಿಸಿಸಿ ಎಂದು ಕರೆದಾಗ ಓಗೊಡುವುದು ಯಾವುದು ಎಂಬುದನ್ನು ಪಾತ್ ಎಂಬ ಪರಿಸರ ವೇರಿಯಬಲ್ ನಿರ್ಧರಿಸುತ್ತದೆ. ಅದರಲ್ಲಿ ಬರೆದ ಡೈರೆಕ್ಟರಿಗಳನ್ನು ಶೆಲ್ ಎಡದಿಂದ ಬಲಕ್ಕೆ ನೋಡುತ್ತ ಹೋಗಿ, ಮೊದಲು ಸಿಕ್ಕಿದ್ದನ್ನು ಓಡಿಸುತ್ತದೆ.

ಬ್ಯಾಷ್ ಅಥವಾ ಝಡ್ ಶೆಲ್ಲಿನಲ್ಲಿ ಹೀಗೆ ಕೇಳಿ:

ಟೈಪ್ -ಎ ಜಿಸಿಸಿ

ಪಾತ್‌ನಲ್ಲಿರುವ ಎಲ್ಲ ಜಿಸಿಸಿಗಳೂ ಸಿಗುವ ಕ್ರಮದಲ್ಲೇ ಪಟ್ಟಿಯಾಗುತ್ತವೆ. ಯಾರಾದರೂ ಅಲಿಯಾಸ್ (ಕಮಾಂಡಿಗೆ ಕೊಟ್ಟ ಅಡ್ಡಹೆಸರು) ಮಾಡಿಟ್ಟಿದ್ದರೆ ಅದೂ ಬಯಲಾಗುತ್ತದೆ. ಹಲವರು ಇದಕ್ಕೆ ವಿಚ್ ಎಂಬ ಕಮಾಂಡನ್ನು ಬಳಸುತ್ತಾರೆ. ಅದು ಯುನಿಕ್ಸ್ ವ್ಯವಸ್ಥೆಗಳಿಗೆ ಸಮಾನವಾದ ಪೋಸಿಕ್ಸ್ ಮಾನಕದಲ್ಲಿಲ್ಲ, ಪ್ರತ್ಯೇಕ ಪ್ರೋಗ್ರಾಮ್ ಆಗಿರುವ ಕಡೆ ನಿಮ್ಮ ಶೆಲ್ಲಿನ ಅಲಿಯಾಸ್‌ಗಳು ಅದಕ್ಕೆ ಕಾಣುವುದೂ ಇಲ್ಲ. ಎಲ್ಲ ಶೆಲ್‌ಗಳಲ್ಲೂ ನಡೆಯಬೇಕಾದ ಸ್ಕ್ರಿಪ್ಟ್ ಬರೆಯುವಾಗ "ಕಮಾಂಡ್ -ವಿ ಜಿಸಿಸಿ" ಎಂಬುದೇ ಸರಿಯಾದ ರೂಪ.

ಸಿಕ್ಕಿದ ಫೈಲು ಬಹಳ ಸಲ ನಿಜವಾದ ಕಂಪೈಲರ್ ಆಗಿರದೆ ಬರಿಯ ಲಿಂಕ್ ಆಗಿರುತ್ತದೆ. ಉಬುಂಟು 22.04ರಲ್ಲಿ ಸಿಸಿ ಎಂಬ ಹೆಸರಿನ ಜಾಡು ಹಿಡಿದು ಹೋಗಿ ನೋಡಿ. /ಯುಎಸ್‌ಆರ್/ಬಿನ್/ಸಿಸಿ ಎಂಬುದು /ಇಟಿಸಿ/ಆಲ್ಟರ್ನೇಟಿವ್ಸ್/ಸಿಸಿ ಕಡೆಗೆ ಬೆರಳು ತೋರಿಸುತ್ತದೆ, ಅದು /ಯುಎಸ್‌ಆರ್/ಬಿನ್/ಜಿಸಿಸಿ ಕಡೆಗೆ, ಅದು ಜಿಸಿಸಿ-11ರ ಕಡೆಗೆ, ಅದು ಮತ್ತೆ ಪ್ರೊಸೆಸರಿನ ಹೆಸರು ಸೇರಿದ ಉದ್ದ ಹೆಸರಿನ ಇನ್ನೊಂದು ಫೈಲಿನ ಕಡೆಗೆ. ನಾಲ್ಕು ಲಿಂಕ್ ದಾಟಿದ ಮೇಲೆ ಅಸಲಿ ಫೈಲು ಸಿಗುತ್ತದೆ. ಇಷ್ಟನ್ನೂ ಕೈಯಿಂದ ಹುಡುಕಬೇಕಾಗಿಲ್ಲ, ಲಿನಕ್ಸಿನಲ್ಲಿ ಈ ಒಂದು ಸಾಲು ಸಾಕು:

ರೀಡ್‌ಲಿಂಕ್ -ಎಫ್ /ಯುಎಸ್‌ಆರ್/ಬಿನ್/ಸಿಸಿ

ಇಲ್ಲಿ ಎರಡು ಸೂಕ್ಷ್ಮಗಳಿವೆ. ಬ್ಯಾಷ್ ಶೆಲ್ ಒಮ್ಮೆ ಓಡಿಸಿದ ಕಮಾಂಡಿನ ಜಾಗವನ್ನು ನೆನಪಿಟ್ಟುಕೊಳ್ಳುತ್ತದೆ. ನೀವು ಜಿಸಿಸಿ ಓಡಿಸಿದ ನಂತರ ಅದೇ ಕಿಟಕಿಯಲ್ಲಿ ಹೊಸ ಜಿಸಿಸಿಯನ್ನು /ಯುಎಸ್‌ಆರ್/ಲೋಕಲ್/ಬಿನ್ ಒಳಗೆ ಇನ್‌ಸ್ಟಾಲ್ ಮಾಡಿ ಆವೃತ್ತಿ ಕೇಳಿದರೆ ಹಳೆಯದೇ ಉತ್ತರಿಸಬಹುದು. "ಹ್ಯಾಷ್ -ಆರ್" ಎಂದು ಕೊಟ್ಟರೆ ಆ ನೆನಪು ಅಳಿದು ಹೊಸ ಹುಡುಕಾಟ ನಡೆಯುತ್ತದೆ. ಇನ್ನೊಂದು, ಸುಡೋ ಮೂಲಕ ಆಡಳಿತಗಾರನ ಅಧಿಕಾರದಲ್ಲಿ ಓಡಿಸಿದಾಗ ಮತ್ತು ಕ್ರಾನ್ ಮೂಲಕ ನಿಗದಿತ ಸಮಯಕ್ಕೆ ಓಡಿಸಿದಾಗ ಪಾತ್ ಸಾಮಾನ್ಯವಾಗಿ ನಿಮ್ಮದಾಗಿರುವುದಿಲ್ಲ. ನಿಮ್ಮ ಕಿಟಕಿಯಲ್ಲಿ 13 ಎಂದ ಕಂಪೈಲರ್ ಸುಡೋ ಹಿಂದೆ 11 ಎನ್ನುವುದು ಹೀಗೆ. ಸಂಶಯವಿದ್ದರೆ ಆವೃತ್ತಿಯ ಪ್ರಶ್ನೆಯನ್ನೂ ಸುಡೋ ಮೂಲಕವೇ ಕೇಳಬೇಕು. ಕೆಲಸ ಎಲ್ಲಿ ನಡೆಯುತ್ತದೋ ಅಲ್ಲಿಯೇ ನಿಂತು, ಕೆಲಸ ಮಾಡುವ ಕಂಪೈಲರನ್ನೇ ಕೇಳುವುದು ಎಂಬ ಒಂದು ನಿಯಮವನ್ನು ಈ ಲೇಖನದ ಉದ್ದಕ್ಕೂ ಹಿಡಿದು ನಡೆಯುತ್ತೇನೆ.

ಹೆಸರು ಜಿಸಿಸಿ, ಆಳು ಬೇರೆ

ಮ್ಯಾಕ್ ಬಳಸುವವರು ಈ ಭಾಗವನ್ನು ನಿಧಾನವಾಗಿ ಓದಬೇಕು. ಮ್ಯಾಕ್‌ನ ಟರ್ಮಿನಲ್ಲಿನಲ್ಲಿ "ಜಿಸಿಸಿ --ವರ್ಷನ್" ಎಂದು ಕೇಳಿದರೆ "ಆ್ಯಪಲ್ ಕ್ಲ್ಯಾಂಗ್" ಎಂಬ ಉತ್ತರ ಬರುತ್ತದೆ. ಜಿಸಿಸಿ ಎಂಬ ಹೆಸರನ್ನು ಹಳೆಯ ಮೇಕ್‌ಫೈಲುಗಳು (ಕಂಪೈಲ್ ಮಾಡುವ ಕ್ರಮವನ್ನು ಬರೆದಿಟ್ಟ ಫೈಲುಗಳು) ನಡೆಯಲೆಂದು ಉಳಿಸಿಕೊಂಡಿದ್ದಾರೆ, ಒಳಗಿರುವುದು ಸಂಪೂರ್ಣ ಬೇರೆಯೇ ಆದ ಕ್ಲ್ಯಾಂಗ್ ಕಂಪೈಲರ್. ಅದಲ್ಲದೆ, ಅಲ್ಲಿ ಕಾಣುವ ಸಂಖ್ಯೆ ಆ್ಯಪಲ್ ತನ್ನ ಎಕ್ಸ್‌ಕೋಡ್ (ಡೆವಲಪರ್ ಉಪಕರಣಗಳ ಕಟ್ಟು) ಲೆಕ್ಕದಲ್ಲಿ ಕೊಟ್ಟದ್ದು, ಎಲ್‌ಎಲ್‌ವಿಎಂ ಯೋಜನೆ ಬಿಡುಗಡೆ ಮಾಡುವ ಕ್ಲ್ಯಾಂಗಿನ ಸಂಖ್ಯೆಗೂ ಅದಕ್ಕೂ ತಾಳೆಯಿಲ್ಲ. ಕ್ಲ್ಯಾಂಗ್ 15ರಲ್ಲಿ ಒಂದು ಸೌಲಭ್ಯ ಬಂದಿದೆ ಎಂದು ಓದಿ, ಆ್ಯಪಲ್ ಕ್ಲ್ಯಾಂಗ್ 15ರಲ್ಲಿ ಅದನ್ನೇ ಹುಡುಕುತ್ತ ಕೂರಬಾರದು. ಹೋಮ್‌ಬ್ರೂ ಎಂಬ ಪ್ಯಾಕೇಜ್ ವ್ಯವಸ್ಥೆಯ ಮೂಲಕ ನಿಜವಾದ ಜಿಸಿಸಿಯನ್ನು ಹಾಕಿಕೊಂಡರೂ ಅದು ಜಿಸಿಸಿ-14 ಎಂಬಂತಹ ಸಂಖ್ಯಾಸಹಿತ ಹೆಸರಿನಲ್ಲೇ ಇರುತ್ತದೆ. ಬರಿಯ ಜಿಸಿಸಿ ಎಂಬ ಹೆಸರು ಆ್ಯಪಲ್ ಕ್ಲ್ಯಾಂಗಿಗೇ ಸೇರಿರುತ್ತದೆ. ಕಂಪೈಲರ್ ಇಲ್ಲದ ಮ್ಯಾಕ್‌ನಲ್ಲಿ ಈ ಕಮಾಂಡ್ ಕೊಟ್ಟರೆ ಡೆವಲಪರ್ ಉಪಕರಣಗಳನ್ನು ಹಾಕಿಕೊಳ್ಳಬೇಕೇ ಎಂದು ಕೇಳುವ ಪೆಟ್ಟಿಗೆ ತೆರೆದುಕೊಳ್ಳುತ್ತದೆ. "ಎಕ್ಸ್‌ಕೋಡ್-ಸೆಲೆಕ್ಟ್ --ಇನ್‌ಸ್ಟಾಲ್" ಎಂದು ಕೊಟ್ಟರೂ ಅದೇ ಕೆಲಸ.

ಫ್ರೀಬಿಎಸ್‌ಡಿಯಲ್ಲಿ (ಯುನಿಕ್ಸ್ ಮಾದರಿಯ ಇನ್ನೊಂದು ವ್ಯವಸ್ಥೆ) 2014ರ 10.0 ಬಿಡುಗಡೆಯಿಂದ ಸಿಸಿ ಎಂದರೆ ಕ್ಲ್ಯಾಂಗ್. ಅಲ್ಲಿ "ಸಿಸಿ --ವರ್ಷನ್" ಎಂದೇ ಕೇಳಬೇಕು.

ಹೆಸರನ್ನು ನಂಬದೆ ಕಂಪೈಲರಿನ ಒಳಗಿನಿಂದಲೇ ಗುರುತು ಪಡೆಯುವ ದಾರಿಯೊಂದಿದೆ. ಪ್ರತಿ ಕಂಪೈಲರೂ ತನ್ನ ಪರಿಚಯವನ್ನು ಹೇಳುವ ಕೆಲವು ಮ್ಯಾಕ್ರೋಗಳನ್ನು (ಬೆಲೆ ಕೊಟ್ಟಿಟ್ಟ ಹೆಸರುಗಳನ್ನು) ಮೊದಲೇ ಸಿದ್ಧವಾಗಿ ಇಟ್ಟುಕೊಂಡಿರುತ್ತದೆ. ಅವನ್ನು ಪಟ್ಟಿ ಮಾಡಿಸಲು:

ಎಕೋ | ಜಿಸಿಸಿ -ಡಿಎಂ -ಇ -

ಇಲ್ಲಿ ಎಂ ಮತ್ತು ಇ ದೊಡ್ಡಕ್ಷರಗಳು, ಡಿ ಸಣ್ಣಕ್ಷರ. ನಡುವಿನ | ಗುರುತೇ ಪೈಪು, ಅದು ಒಂದು ಕಮಾಂಡಿನ ಉತ್ತರವನ್ನು ಮುಂದಿನದಕ್ಕೆ ಒಪ್ಪಿಸುತ್ತದೆ. ಕೊನೆಯ ಒಂಟಿ ಅಡ್ಡಗೆರೆ ಫೈಲಿನ ಬದಲು ಪೈಪಿನಿಂದ ಬಂದದ್ದನ್ನು ಓದು ಎಂಬ ಸೂಚನೆ. ನೂರಾರು ಸಾಲುಗಳು ಬರುತ್ತವೆ. ಅವುಗಳಲ್ಲಿ ಎರಡೂ ಕಡೆ ಎರಡೆರಡು ಅಂಡರ್‌ಸ್ಕೋರ್ ಇರುವ __ಜಿಎನ್‌ಯುಸಿ__ ಎಂಬ ದೊಡ್ಡಕ್ಷರದ ಮ್ಯಾಕ್ರೋ ಜಿಸಿಸಿಯ ಮೊದಲ ಅಂಕಿಯನ್ನು ಹೇಳುತ್ತದೆ, __ಕ್ಲ್ಯಾಂಗ್__ ಎಂಬ ಸಣ್ಣಕ್ಷರದ ಮ್ಯಾಕ್ರೋ ಕಂಡರೆ ಅದು ಕ್ಲ್ಯಾಂಗ್ ಎಂದು ಖಚಿತವಾಗುತ್ತದೆ.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ಕ್ಲ್ಯಾಂಗ್ ಕೂಡ __ಜಿಎನ್‌ಯುಸಿ__ ಮ್ಯಾಕ್ರೋವನ್ನು ಇಟ್ಟುಕೊಂಡಿದೆ, ಮತ್ತು ತನ್ನ ಜಿಸಿಸಿ ಆವೃತ್ತಿ 4.2.1 ಎನ್ನುತ್ತದೆ. ಜಿಸಿಸಿಗಾಗಿ ಬರೆದ ಕೋಡು ತನ್ನಲ್ಲೂ ನಡೆಯಲಿ ಎಂಬ ಉದ್ದೇಶದಿಂದ ಮಾಡಿಕೊಂಡ ಏರ್ಪಾಡು ಅದು. 4.2.1 ಎಂಬುದು 2007ರ ಜಿಸಿಸಿ. ಆ್ಯಪಲ್, ಫ್ರೀಬಿಎಸ್‌ಡಿ ಎರಡೂ ಬಹುಕಾಲ ನೆಚ್ಚಿಕೊಂಡಿದ್ದದ್ದು ಅದನ್ನೇ. ಆದ್ದರಿಂದ ಕೋಡಿನೊಳಗೆ ಕಂಪೈಲರನ್ನು ಗುರುತಿಸಬೇಕಾದಾಗ ಯಾವಾಗಲೂ ಕ್ಲ್ಯಾಂಗಿನ ಮ್ಯಾಕ್ರೋವನ್ನು ಮೊದಲು ಪರೀಕ್ಷಿಸಿ, ಅದಿಲ್ಲ ಎಂದಾದ ಮೇಲೆ ಜಿಸಿಸಿಯದನ್ನು ಪರೀಕ್ಷಿಸಬೇಕು. ಈ ಕ್ರಮ ತಪ್ಪಿದರೆ ಹೊಚ್ಚ ಹೊಸ ಮ್ಯಾಕ್ ಕೂಡ 2007ರ ಕಂಪೈಲರಿನ ಲೆಕ್ಕಕ್ಕೆ ಸೇರಿಬಿಡುತ್ತದೆ.

ಸ್ಕ್ರಿಪ್ಟಿನೊಳಗೆ ಆವೃತ್ತಿ ಬೇಕಾದಾಗ

ಮನುಷ್ಯರು ಓದಲೆಂದು ಮಾಡಿದ ಸಾಲನ್ನು ಸ್ಕ್ರಿಪ್ಟಿನಲ್ಲಿ ಕತ್ತರಿಸಿ ಸಂಖ್ಯೆ ಹೊರತೆಗೆಯುವುದು ಒಳ್ಳೆಯ ಅಭ್ಯಾಸವಲ್ಲ. ಜಿಸಿಸಿಯಲ್ಲಿ ಸಂಖ್ಯೆಯನ್ನಷ್ಟೇ ಕೊಡುವ "-ಡಂಪ್‌ವರ್ಷನ್" ಎಂಬ ಆಯ್ಕೆ ಮೊದಲಿನಿಂದಲೂ ಇದೆ. ಉಬುಂಟು 22.04ರಲ್ಲಿ ಅದು 11 ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ, ಏಕೆಂದರೆ ಕಂಪೈಲರನ್ನು ಕಟ್ಟುವಾಗಲೇ ಮೊದಲ ಅಂಕಿ ಮಾತ್ರ ಸಾಕು ಎಂದು ತೀರ್ಮಾನಿಸಿಡಲು ಅವಕಾಶವಿದೆ, ಡೆಬಿಯನ್ ಮತ್ತು ಉಬುಂಟುವಿನವರು ಹಾಗೆ ಮಾಡಿದ್ದಾರೆ. ಪೂರ್ಣ ಸಂಖ್ಯೆಗಾಗಿ ಜಿಸಿಸಿ 7ರಿಂದ "-ಡಂಪ್‌ಫುಲ್‌ವರ್ಷನ್" ಎಂಬ ಇನ್ನೊಂದು ಆಯ್ಕೆ ಬಂದಿದೆ, ಮೂರೂ ಪದಗಳ ನಡುವೆ ಜಾಗವಿಲ್ಲ. ಹಳೆಯದರಲ್ಲೂ ಹೊಸದರಲ್ಲೂ ಪೂರ್ಣ ಸಂಖ್ಯೆ ಬೇಕೆಂದರೆ ಎರಡನ್ನೂ ಒಟ್ಟಿಗೆ ಕೊಡಬಹುದು:

ಜಿಸಿಸಿ -ಡಂಪ್‌ಫುಲ್‌ವರ್ಷನ್ -ಡಂಪ್‌ವರ್ಷನ್

ಹೊಸ ಜಿಸಿಸಿ ಮೊದಲನೆಯದಕ್ಕೆ ಉತ್ತರಿಸುತ್ತದೆ, ಹಳೆಯದು ಎರಡನೆಯದಕ್ಕೆ ಉತ್ತರಿಸುತ್ತದೆ. ಕ್ಲ್ಯಾಂಗಿನ ಹಳೆಯ ಆವೃತ್ತಿಗಳಿಗೆ "-ಡಂಪ್‌ವರ್ಷನ್" ಎಂದು ಕೇಳಿದರೆ ಇಲ್ಲೂ ಆ 4.2.1 ಎಂಬ ಸಂಖ್ಯೆಯೇ ಬರುತ್ತದೆ ಎಂಬುದು ನೆನಪಿರಲಿ.

"ಜಿಸಿಸಿ -ವಿ" ಎಂಬ ಪ್ರಶ್ನೆ ಇನ್ನೂ ಹೆಚ್ಚಿನದನ್ನು ಹೇಳುತ್ತದೆ: ಯಾವ ಪ್ರೊಸೆಸರಿಗಾಗಿ ಕೋಡು ಹೊರಡಿಸುತ್ತದೆ, ಯಾವ ಆಯ್ಕೆಗಳೊಂದಿಗೆ ಕಟ್ಟಲಾಗಿದೆ ಇತ್ಯಾದಿ. ಆದರೆ ಈ ಉತ್ತರವೆಲ್ಲ ಬರುವುದು ಎರರ್ ಸಂದೇಶಗಳ ಹಾದಿಯಲ್ಲಿ. ಪೈಪ್ ಹಾಕಿ ಗ್ರೆಪ್ (ಬೇಕಾದ ಸಾಲುಗಳನ್ನು ಸೋಸುವ ಕಮಾಂಡ್) ಮಾಡಿದರೆ ಗ್ರೆಪ್‌ನ ಕೈಗೆ ಏನೂ ಸಿಗುವುದಿಲ್ಲ, ಎಲ್ಲವೂ ಸೋಸದೆ ನೇರ ಪರದೆಗೆ ಬಂದು ಬೀಳುತ್ತದೆ. ಪೈಪಿಗೆ ಮೊದಲು 2>&1 ಎಂದು ಸೇರಿಸಿದರೆ ಎರಡೂ ಹಾದಿಗಳು ಕೂಡಿಕೊಳ್ಳುತ್ತವೆ.

ಆವೃತ್ತಿಗಳನ್ನು ಹೋಲಿಸುವಾಗಲೂ ಎಚ್ಚರ ಬೇಕು. ಅಕ್ಷರಗಳಂತೆ ಹೋಲಿಸಿದರೆ 10 ಎಂಬುದು 9ಕ್ಕಿಂತ ಚಿಕ್ಕದಾಗುತ್ತದೆ, ಏಕೆಂದರೆ ಮೊದಲ ಅಕ್ಷರ 1 ಎಂಬುದು 9ಕ್ಕಿಂತ ಮೊದಲು ಬರುತ್ತದೆ. ಇಂತಹ ಹೋಲಿಕೆಗಳನ್ನು ಇಟ್ಟುಕೊಂಡ ಸ್ಕ್ರಿಪ್ಟುಗಳು ಒಂದಂಕಿಯ ಆವೃತ್ತಿಗಳ ಕಾಲದಲ್ಲಿ ಸರಿಯಾಗಿಯೇ ನಡೆದು, ಜಿಸಿಸಿ 10 ಬಂದೊಡನೆ ಕೆಡುತ್ತವೆ. ಜಿಎನ್‌ಯು (ಜಿಸಿಸಿಯನ್ನು ಹೊರತಂದ ಯೋಜನೆ) ಉಪಕರಣಗಳಿರುವ ಯಂತ್ರದಲ್ಲಿ "ಸಾರ್ಟ್ -ವಿ" ಎಂಬುದು ಆವೃತ್ತಿಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸುತ್ತದೆ. ಇಲ್ಲಿ ವಿ ದೊಡ್ಡಕ್ಷರ.

ಪ್ಯಾಕೇಜುಗಳ ಪಟ್ಟಿಯನ್ನು ನೋಡುವುದಾದರೆ

ರೆಡ್ ಹ್ಯಾಟ್ ಕುಟುಂಬದಲ್ಲಿ "ಆರ್‌ಪಿಎಂ -ಕ್ಯೂ ಜಿಸಿಸಿ", ಆರ್ಚ್ ಲಿನಕ್ಸಿನಲ್ಲಿ "ಪ್ಯಾಕ್‌ಮ್ಯಾನ್ -ಕ್ಯೂ ಜಿಸಿಸಿ" (ಇಲ್ಲಿ ಕ್ಯೂ ದೊಡ್ಡಕ್ಷರ), ಡೆಬಿಯನ್ ಮತ್ತು ಉಬುಂಟುಗಳಲ್ಲಿ "ಡಿಪಿಕೆಜಿ -ಎಲ್ | ಗ್ರೆಪ್ ಜಿಸಿಸಿ" ಎಂದು ಕೇಳಿದರೆ ವ್ಯವಸ್ಥೆ ತನ್ನ ದಾಖಲೆಯಿಂದ ಉತ್ತರ ಕೊಡುತ್ತದೆ. ಇನ್‌ಸ್ಟಾಲ್ ಆಗಿರುವ ಎಲ್ಲ ಆವೃತ್ತಿಗಳನ್ನೂ ಒಟ್ಟಿಗೆ ನೋಡಲು ಇದು ಅನುಕೂಲ. ಆದರೆ ಈ ದಾಖಲೆಯನ್ನು ಕೊನೆಯ ಮಾತೆಂದು ತಿಳಿಯಬಾರದು, ಅದಕ್ಕೆ ಉಬುಂಟು 22.04 ಒಳ್ಳೆಯ ಉದಾಹರಣೆ. ಅಲ್ಲಿನ ಪಟ್ಟಿಯಲ್ಲಿ ಜಿಸಿಸಿ ಎಂಬ ಪ್ಯಾಕೇಜಿನ ಮುಂದೆ 4:11.2.0 ಎಂದಿರುತ್ತದೆ, ಕೆಳಗೆ ಜಿಸಿಸಿ-11 ಎಂಬ ಪ್ಯಾಕೇಜಿನ ಮುಂದೆ 11.4.0 ಎಂದಿರುತ್ತದೆ. ಮೊದಲನೆಯದರಲ್ಲಿ ಕಂಪೈಲರೇ ಇಲ್ಲ; ಡೀಫಾಲ್ಟ್ ಆಗಿ ಯಾವ ಜಿಸಿಸಿ ಬಳಸಬೇಕು ಎಂದು ಹೇಳುವ ಲಿಂಕ್‌ಗಳನ್ನು ಮಾತ್ರ ಹೊತ್ತ ಪ್ಯಾಕೇಜ್ ಅದು. ಮುಂದಿರುವ 4 ಮತ್ತು ವಿಸರ್ಗದಂತಹ ಎರಡು ಚುಕ್ಕಿಗಳು ಡೆಬಿಯನ್ನಿನವರ ಆಂತರಿಕ ಲೆಕ್ಕ, ಜಿಸಿಸಿ 4ಕ್ಕೂ ಅದಕ್ಕೂ ಸಂಬಂಧವಿಲ್ಲ. ಕೋಡನ್ನು ನಿಜವಾಗಿ ಕಂಪೈಲ್ ಮಾಡುವುದು 11.4.0. ಮೇಲಿನ ಸಾಲನ್ನಷ್ಟೇ ನೋಡಿದವರು ತಪ್ಪು ಸಂಖ್ಯೆ ಬರೆದುಕೊಂಡು ಹೋಗುತ್ತಾರೆ. ಸೋರ್ಸಿನಿಂದ ಕಟ್ಟಿದ ಕಂಪೈಲರ್ ಈ ದಾಖಲೆಯಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ.

ವಿತರಣೆಯವರು ಕೊಡುವ ಸಂಖ್ಯೆಗೂ ಮೂಲ ಯೋಜನೆಯ ಸಂಖ್ಯೆಗೂ ತಾಳೆಯಾಗದ ಪ್ರಸಂಗಗಳು ಹಿಂದೆಯೂ ನಡೆದಿವೆ. 2000ದಲ್ಲಿ ರೆಡ್ ಹ್ಯಾಟ್ ಲಿನಕ್ಸ್ 7ರೊಂದಿಗೆ ಬಂದ ಕಂಪೈಲರ್ ತನ್ನನ್ನು ಜಿಸಿಸಿ 2.96 ಎಂದು ಕರೆದುಕೊಳ್ಳುತ್ತಿತ್ತು. ಅದು ಅಭಿವೃದ್ಧಿಯ ನಡುವಿನಲ್ಲಿ ತೆಗೆದುಕೊಂಡ ಪ್ರತಿ. 2.96 ಎಂಬ ಅಧಿಕೃತ ಬಿಡುಗಡೆ ಇಲ್ಲ ಎಂದು ಜಿಸಿಸಿಯ ನಿರ್ವಹಣಾ ಸಮಿತಿ ಆಗ ಬಹಿರಂಗವಾಗಿ ಹೇಳಬೇಕಾಯಿತು. 2.95ರ ಸಾಲಿನ ನಂತರ ಅಧಿಕೃತವಾಗಿ ಬಂದದ್ದು 2001ರ 3.0.

ಹಳೆಯ ವ್ಯವಸ್ಥೆಯಲ್ಲಿ ಹೊಸ ಕಂಪೈಲರ್ ಬೇಕಾದವರಿಗಾಗಿ ರೆಡ್ ಹ್ಯಾಟ್ ಕುಟುಂಬದಲ್ಲಿ ಉಪಕರಣಗಳ ಪ್ರತ್ಯೇಕ ಕಟ್ಟುಗಳಿವೆ. ಸೆಂಟ್‌ಓಎಸ್ 7ರಲ್ಲಿ ಆ ಕಟ್ಟನ್ನು ಹಾಕಿಕೊಂಡು "ಎಸ್‌ಸಿಎಲ್ ಎನೇಬಲ್ ಡೆವ್‌ಟೂಲ್‌ಸೆಟ್-11 ಬ್ಯಾಷ್" ಎಂದು ಕೊಟ್ಟರೆ ಹೊಸ ಶೆಲ್ ತೆರೆಯುತ್ತದೆ. ಅದರೊಳಗೆ ಜಿಸಿಸಿ ಎಂದರೆ 11, ಎಕ್ಸಿಟ್ ಕೊಟ್ಟು ಹೊರಬಂದರೆ ಮತ್ತೆ 4.8.5. ಸೂಪರ್‌ಕಂಪ್ಯೂಟರ್‌ಗಳಲ್ಲಿ ಮತ್ತು ದೊಡ್ಡ ಕ್ಲಸ್ಟರ್‌ಗಳಲ್ಲಿ ಕೆಲಸ ಮಾಡುವ ಸಂಶೋಧಕರಿಗೆ ಮಾಡ್ಯೂಲ್ ಎಂಬ ಕಮಾಂಡ್ ಪರಿಚಿತ. "ಮಾಡ್ಯೂಲ್ ಅವೇಲ್" ಎಂದರೆ ಲಭ್ಯವಿರುವ ಕಂಪೈಲರ್‌ಗಳ ಪಟ್ಟಿ, "ಮಾಡ್ಯೂಲ್ ಲಿಸ್ಟ್" ಎಂದರೆ ಈಗ ಜಾರಿಯಲ್ಲಿರುವುದು. ಅಂತಹ ಕಡೆ ಲಾಗಿನ್ ಆದ ಯಂತ್ರದಲ್ಲಿ ಕಂಡ ಆವೃತ್ತಿ ಕೆಲಸ ಓಡುವ ಯಂತ್ರದಲ್ಲೂ ಇದೆಯೆಂದು ಊಹಿಸದೆ, ಜಾಬ್ ಸ್ಕ್ರಿಪ್ಟಿನೊಳಗೇ ಆವೃತ್ತಿ ಕೇಳುವ ಸಾಲನ್ನು ಬರೆಯಬೇಕು.

ಜಿಸಿಸಿ ಅಲ್ಲದವು

ಎರಡು ಅಡ್ಡಗೆರೆಯ ವರ್ಷನ್ ಎಂಬ ಪದ್ಧತಿ ಜಿಎನ್‌ಯು ಯೋಜನೆಯಿಂದ ಹರಡಿದ್ದು. ವಾಣಿಜ್ಯ ಯುನಿಕ್ಸ್‌ಗಳ ಸ್ವಂತ ಕಂಪೈಲರ್‌ಗಳಿಗೆ ತಮ್ಮದೇ ರೂಢಿಗಳಿವೆ. ಸೋಲಾರಿಸ್‌ನ ಸ್ಟುಡಿಯೋ ಕಂಪೈಲರಿಗೆ ಮತ್ತು ಎಚ್‌ಪಿ-ಯುಎಕ್ಸ್‌ನ ಕಂಪೈಲರಿಗೆ "ಸಿಸಿ -ವಿ" ಎಂದು ದೊಡ್ಡಕ್ಷರದ ವಿ ಕೊಡಬೇಕು. ಎಐಎಕ್ಸ್‌ನಲ್ಲಿ ಐಬಿಎಂನ ಕಂಪೈಲರಿಗೆ "ಎಕ್ಸ್‌ಎಲ್‌ಸಿ -ಕ್ಯೂವರ್ಷನ್" ಎಂದು ಕೇಳಬೇಕು. ಬ್ಯಾಂಕು, ದೂರಸಂಪರ್ಕದಂತಹ ಕಡೆ ಈ ಯಂತ್ರಗಳ ನಡುವೆ ಕೆಲಸ ಮಾಡುವವರಿಗೆ ಇಷ್ಟು ತಿಳಿದಿದ್ದರೆ ಸಾಕು.

ಬೇರೆ ಭಾಷೆಗಳ ಕಂಪೈಲರ್‌ಗಳನ್ನು ಬೇರೆಯಾಗಿಯೇ ಕೇಳಬೇಕು. ಜಿಸಿಸಿ 11 ಇದ್ದ ಮಾತ್ರಕ್ಕೆ ಜಿ++ (ಸಿ++ ಭಾಷೆಯ ಕಂಪೈಲರ್) ಕೂಡ 11 ಎಂದಾಗಲಿ, ಜಿಫೋರ್ಟ್ರಾನ್ ಇದೆಯೆಂದಾಗಲಿ ಖಾತ್ರಿಯಿಲ್ಲ. ಜಾವಾಕ್ಕೆ "ಜಾವಾಸಿ -ವರ್ಷನ್" ಎಂದು ಒಂದೇ ಅಡ್ಡಗೆರೆ, ರಸ್ಟ್‌ಗೆ "ರಸ್ಟ್‌ಸಿ --ವರ್ಷನ್", ಗೋ ಭಾಷೆಗೆ ಅಡ್ಡಗೆರೆಯೇ ಇಲ್ಲದೆ "ಗೋ ವರ್ಷನ್".

ಬಿಲ್ಡ್ ನಿಜವಾಗಿ ಯಾರನ್ನು ಕರೆಯುತ್ತಿದೆ?

ಇದುವರೆಗಿನದೆಲ್ಲ ನೀವು ಕೈಯಿಂದ ಟೈಪ್ ಮಾಡಿ ಕೇಳಿದ ಪ್ರಶ್ನೆಗಳು. ಆದರೆ ಕೋಡನ್ನು ಸಾಮಾನ್ಯವಾಗಿ ಕಂಪೈಲ್ ಮಾಡಿಸುವುದು ಪ್ರೋಗ್ರಾಮನ್ನು ಇಡಿಯಾಗಿ ಕಟ್ಟುವ ಉಪಕರಣಗಳಾದ ಮೇಕ್ ಅಥವಾ ಸಿಮೇಕ್. ಮೇಕ್‌ಫೈಲಿನಲ್ಲಿ ಏನೂ ಹೇಳದಿದ್ದರೆ ಜಿಎನ್‌ಯು ಮೇಕ್ ಕರೆಯುವುದು ಸಿಸಿ ಎಂಬ ಹೆಸರನ್ನು. ನೀವು ಜಿಸಿಸಿಯ ಆವೃತ್ತಿಯನ್ನು ಪರೀಕ್ಷಿಸಿ ಸಮಾಧಾನಪಟ್ಟಿರುತ್ತೀರಿ, ಮೇಕ್ ಸಿಸಿಯ ಬಳಿ ಹೋಗಿರುತ್ತದೆ. ಎರಡೂ ಒಂದೇ ಕಡೆ ಸೇರುವುದು ಹೆಚ್ಚು, ಸೇರದಿರುವ ಯಂತ್ರಗಳೂ ಇವೆ. "ಮೇಕ್ -ಎನ್" ಎಂದು ಕೊಟ್ಟರೆ ಏನನ್ನೂ ಕಂಪೈಲ್ ಮಾಡದೆ, ಓಡಿಸಬೇಕೆಂದಿರುವ ಕಮಾಂಡ್‌ಗಳನ್ನಷ್ಟೇ ತೋರಿಸುತ್ತದೆ. ಸಾಲಿನ ಮೊದಲ ಪದವೇ ಉತ್ತರ.

ಸಿಮೇಕ್ ಮೊದಲ ಸಲ ಓಡಿದಾಗ ಕಂಡುಕೊಂಡ ಕಂಪೈಲರಿನ ಪೂರ್ಣ ಹಾದಿಯನ್ನು ಬಿಲ್ಡ್ ಡೈರೆಕ್ಟರಿಯ ಕ್ಯಾಶ್ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ನೀವು ಪಾತ್ ಬದಲಾಯಿಸಿದರೂ, ಹೊಸ ಕಂಪೈಲರ್ ಹಾಕಿದರೂ ಅದು ಬರೆದಿಟ್ಟದ್ದನ್ನೇ ಅನುಸರಿಸುತ್ತದೆ. ಹೊಸದು ಬೇಕೆಂದರೆ ಖಾಲಿ ಬಿಲ್ಡ್ ಡೈರೆಕ್ಟರಿಯಿಂದ ಆರಂಭಿಸುವುದೇ ನಿಶ್ಚಿಂತೆಯ ದಾರಿ.

ಆಗಲೇ ಸಿದ್ಧವಾಗಿರುವ ಬೈನರಿಯನ್ನು ಯಾವ ಕಂಪೈಲರ್ ಕಟ್ಟಿತು ಎಂದು ತಿಳಿಯಲೂ ಲಿನಕ್ಸಿನಲ್ಲಿ ಉಪಾಯವಿದೆ. ಫೈಲಿನೊಳಗೆ ಕಾಮೆಂಟ್ ಎಂಬ ಹೆಸರಿನ ಒಂದು ವಿಭಾಗದಲ್ಲಿ ಕಂಪೈಲರ್ ತನ್ನ ಸಹಿ ಹಾಕಿರುತ್ತದೆ:

ರೀಡೆಲ್ಫ್ -ಪಿ .ಕಾಮೆಂಟ್ ಫೈಲಿನ‌ಹೆಸರು

ಯಾರೂ ಅದನ್ನು ಬೇಕೆಂದೇ ತೆಗೆದುಹಾಕದಿದ್ದರೆ ವಿತರಣೆಯ ಹೆಸರಿನೊಡನೆ ಪೂರ್ಣ ಆವೃತ್ತಿ ಕಾಣುತ್ತದೆ. ಇದಕ್ಕೆ ಹತ್ತಿರದ ಒಂದು ತಪ್ಪನ್ನು ಪದೇ ಪದೇ ನೋಡಿದ್ದೇನೆ: /ಪ್ರೋಕ್/ವರ್ಷನ್ ಎಂಬ ಫೈಲನ್ನು ತೆರೆದು ಅಲ್ಲಿ ಕಂಡ ಜಿಸಿಸಿ ಸಂಖ್ಯೆಯನ್ನು ಯಂತ್ರದ ಕಂಪೈಲರಿನ ಸಂಖ್ಯೆ ಎಂದು ಬರೆದುಕೊಳ್ಳುವುದು. ಅದು ಕರ್ನೆಲ್ಲನ್ನು (ವ್ಯವಸ್ಥೆಯ ತಿರುಳನ್ನು) ಕಟ್ಟಲು ಬಳಸಿದ ಕಂಪೈಲರಿನ ಸಂಖ್ಯೆ. ಕಂಪೈಲರೇ ಇಲ್ಲದ ಯಂತ್ರದಲ್ಲೂ ಆ ಸಾಲು ಇದ್ದೇ ಇರುತ್ತದೆ.

ಆವೃತ್ತಿ ಗೊತ್ತಾದ ಮೇಲೆ

ಸಂಖ್ಯೆ ಕೈಗೆ ಸಿಕ್ಕಿದ ಮೇಲೆ ಅದು ಏನನ್ನು ಹೇಳುತ್ತದೆ ಎಂಬುದಕ್ಕೆ ಲ್ಯಾಬುಗಳಲ್ಲಿ ಹೆಚ್ಚಾಗಿ ಎದುರಾಗುವ ಕೆಲವು ಗಡಿಗಳನ್ನು ಹೇಳುತ್ತೇನೆ. ಐದಕ್ಕಿಂತ ಹಳೆಯ ಜಿಸಿಸಿಯಾದರೆ ಲೂಪಿನೊಳಗಿನ ಘೋಷಣೆಗೆ ಸಿ99 ಸೂಚನೆ ಬೇಕು. ಹತ್ತು ಅಥವಾ ಅದಕ್ಕಿಂತ ಹೊಸದಾದರೆ, ಹೆಡರ್ ಫೈಲಿನಲ್ಲಿ ಗ್ಲೋಬಲ್ ವೇರಿಯಬಲ್ಲನ್ನು ಎಕ್ಸ್‌ಟರ್ನ್ ಇಲ್ಲದೆ ಬರೆದು ಎರಡು ಸಿ ಫೈಲುಗಳಲ್ಲಿ ಸೇರಿಸಿಕೊಂಡ ಹಳೆಯ ಪ್ರೋಗ್ರಾಮುಗಳು ಲಿಂಕ್ ಆಗುವಾಗ ನಿಲ್ಲುತ್ತವೆ. 2024ರಲ್ಲಿ ಬಂದ 14ನೆಯ ಆವೃತ್ತಿಯ ಪರಿಣಾಮ ಇನ್ನೂ ವ್ಯಾಪಕ: ಹೆಡರ್ ಸೇರಿಸದೆ ಫಂಕ್ಷನ್ ಕರೆಯುವುದು, ರಿಟರ್ನ್ ಟೈಪ್ ಬರೆಯದೆ ಫಂಕ್ಷನ್ ಶುರು ಮಾಡುವುದು ಇವೆಲ್ಲ ಮೊದಲು ಎಚ್ಚರಿಕೆಯಷ್ಟೇ ಆಗಿದ್ದವು, ಈಗ ಎರರ್ ಆಗಿವೆ. ವರ್ಷಾನುಗಟ್ಟಲೆ ಕೈಯಿಂದ ಕೈಗೆ ಬಂದ ಲ್ಯಾಬ್ ಮ್ಯಾನ್ಯುಯಲ್ಲಿನ ಪ್ರೋಗ್ರಾಮುಗಳಲ್ಲಿ ಇಂತಹವು ಬಹಳ ಇರುವುದರಿಂದ, ಹೊಸ ಯಂತ್ರಗಳು ಬಂದ ವರ್ಷ ಮಕ್ಕಳು ಪುಸ್ತಕದ ಕೋಡನ್ನೇ ಟೈಪ್ ಮಾಡಿ ಎರರ್ ನೋಡುತ್ತಾರೆ. 2025ರ 15ನೆಯ ಆವೃತ್ತಿ 2023ರ ಸಿ ಭಾಷೆಯನ್ನೇ ಡೀಫಾಲ್ಟ್ ಮಾಡಿಕೊಂಡಿದೆ. ಅಲ್ಲಿ ಬೂಲ್ ಎಂಬುದು ಭಾಷೆಯ ಸ್ವಂತ ಪದ, ಅದನ್ನು ತಾವೇ ಟೈಪ್‌ಡೆಫ್ ಮಾಡಿಕೊಂಡಿದ್ದ ಪ್ರೋಗ್ರಾಮುಗಳನ್ನು ತಿದ್ದಬೇಕಾಗುತ್ತದೆ.

ಸಹಾಯ ಕೇಳುವಾಗ ಬರಿಯ "ಜಿಸಿಸಿ ಇದೆ" ಎಂದು ಬರೆಯದೆ, ಆವೃತ್ತಿಯ ಪೂರ್ಣ ಸಾಲು, ಟೈಪ್ -ಎ ಕೊಟ್ಟ ಪಟ್ಟಿ, ಕಂಪೈಲ್ ಮಾಡಿದ ಕಮಾಂಡ್ ಮತ್ತು ಮೊದಲ ಎರರ್ ಇಷ್ಟನ್ನು ಇದ್ದಂತೆಯೇ ನಕಲು ಮಾಡಿ ಕಳುಹಿಸಿದರೆ ಎದುರಿನವರು ಊಹಿಸಬೇಕಾಗುವುದಿಲ್ಲ.

ಆ ಮಧ್ಯಾಹ್ನದ ನಂತರ ನಾನು ಲ್ಯಾಬಿನ ಮಾದರಿ ಮೇಕ್‌ಫೈಲಿನಲ್ಲಿ ಒಂದು ಸಾಲು ಸೇರಿಸಿದೆ. ಕಂಪೈಲ್ ಶುರುವಾಗುವ ಮುನ್ನ ಅದು ಆವೃತ್ತಿಯನ್ನು ಪರದೆಯ ಮೇಲೆ ಬರೆಯುತ್ತದೆ:

$(ಸಿಸಿ) --ವರ್ಷನ್

ಆವರಣದೊಳಗಿನ ಸಿಸಿ ದೊಡ್ಡಕ್ಷರದಲ್ಲಿರಬೇಕು, ಸಾಲು ಟ್ಯಾಬ್ ಕೀಲಿಯಿಂದ ಆರಂಭವಾಗಬೇಕು. ಜಿಸಿಸಿ ಎಂದು ನೇರವಾಗಿ ಬರೆಯದೆ ಹೀಗೆ ಬರೆದಿರುವುದರಿಂದ, ಆ ಮೇಕ್ ಯಾವ ಕಂಪೈಲರನ್ನು ಬಳಸಲಿದೆಯೋ ಅದರ ಆವೃತ್ತಿಯೇ ಕಾಣುತ್ತದೆ.